ಊಟವಾಗುವ ತನಕ ಮಡಿ

ಹೋದ ವಾರ ಲಿಫ್ಟಿನಲ್ಲಿ ಏಳನೇ ಮಹಡಿಯ ಹೆಂಗಸೊಬ್ಬಳು, "ಆಂಟೀಜೀ, ಆಪ್ ಕೀ ವೋ ವ್ರತ್ ವಾಲೀ ಲಡ್‌ಕೀ ಕಹಾಂ ಗಯೀ?" ಎಂದು ಕೇಳಿದಳು. ನಿಮ್ಮ ಆ ವ್ರತದ ಹುಡುಗಿ ಎಲ್ಲಿಗೆ ಹೋದಳು ಎಂದು. ಎಂಥ ಭಕ್ತಿ, ಈ ಕಾಲದಲ್ಲಿ ಅಂಥವರು ಎಲ್ಲಿ ಸಿಗುತ್ತಾರೆ ಎಂದು ತಾನೇ ಸೇರಿಸಿದಳು. ಊರಿಗೆ ಹೋದಳು ಎಂದು ಹೇಳಿ ನಾನು ಇಳಿದುಕೊಂಡೆ. ದೆಹಲಿ ಪಕ್ಕದ ಇಂದಿರಾಪುರಂನ ಈ ಕಟ್ಟಡದಲ್ಲಿ ಎಲ್ಲರೂ ಅವಳನ್ನು ದೊಡ್ಡ ಭಕ್ತೆ ಎಂದೇ ನೆನಪಿಟ್ಟುಕೊಂಡಿದ್ದಾರೆ. ನಾಲ್ಕು ತಿಂಗಳು ನಾನೂ ಹಾಗೆಯೇ ತಿಳಿದಿದ್ದೆ. ಅಷ್ಟೇ ಆಗಿದ್ದರೆ ಬರೆಯುವ ಕೆಲಸವಿರಲಿಲ್ಲ. ಅವಳಿಗೆ ಉಪವಾಸ ಕಲಿಸಿದವಳು ನಾನು. ಅದಕ್ಕೆ ಬರೆಯುತ್ತಿದ್ದೇನೆ. ಹೆಸರು ಹಾಕುವುದಿಲ್ಲ, ಯಾಕೆಂದು ಓದಿದ ಮೇಲೆ ಗೊತ್ತಾಗುತ್ತದೆ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಉಡುಪಿ ಕಡೆಯಿಂದ ಮದುವೆಯಾಗಿ ದೆಹಲಿಗೆ ಬಂದವಳು. ಗಂಡ ಹೋಟೆಲಿನಲ್ಲಿ ಒಲೆಯ ಮುಂದೆ ನಿಂತರು, ನಾನು ಮನೆಯಲ್ಲಿ ಅದೇ ಹೋಟೆಲಿಗೆ ಸಾರಿನ ಪುಡಿ ಹುರಿದೆ. ಈಗ ಅವರಿಲ್ಲ. ಮಗ, ಸೊಸೆ, ನಾನು ಹನ್ನೊಂದನೇ ಮಹಡಿಯಲ್ಲಿದ್ದೇವೆ. ಅವಳು ಎದುರು ಫ್ಲಾಟಿನವಳು. ಮೂವತ್ತು ತುಂಬಿರಲಿಲ್ಲ. ವಸಂತ್ ಕುಂಜದ ಹತ್ತಿರದ ಯೂನಿವರ್ಸಿಟಿಯಲ್ಲಿ ಪಿಎಚ್‌ಡಿಗೆ ಸೇರಿದ್ದಳು.

ಅವಳು ಬೆಲ್ ಒತ್ತುತ್ತಿರಲಿಲ್ಲ. ಬೆರಳಿನ ಗೆಣ್ಣಿನಿಂದ ಎರಡು ಸಲ ತಟ್ಟುವುದು, ಕೇಳಿಸಿದರೆ ಕೇಳಿಸಲಿ ಎನ್ನುವ ಹಾಗೆ. ಮೊದಲ ಸಲ ಬಂದಾಗ ಎದೆಗೆ ಒಂದು ಕಟ್ಟು ಕಾಗದ ಅವುಚಿಕೊಂಡಿದ್ದಳು.

"ಅಜ್ಜಿ, ನೀವು ಕನ್ನಡದವರಂತೆ. ಹೂಬತ್ತಿ ಅಂದ್ರೆ ಯಾವುದು? ಉದ್ದ ಇರುತ್ತಲ್ಲ, ಅದಾ?"

"ಉದ್ದದ್ದು ಎಳೆಬತ್ತಿ ಮಾರಾಯ್ತಿ. ಹೂಬತ್ತಿ ಅಂದರೆ ಕೆಳಗೆ ಗುಂಡಗೆ, ಮೇಲೆ ತೊಟ್ಟು. ಪಿಎಚ್‌ಡಿ ಅಂತೀಯ, ಬತ್ತಿ ಗೊತ್ತಿಲ್ಲ."

ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ನಕ್ಕವಳು ತಕ್ಷಣ ತಿರುಗಿ ತನ್ನ ಮನೆಯ ಬಾಗಿಲು ನೋಡಿದಳು. ಗ್ಯಾಸಿನ ಮೇಲೆ ಏನೋ ಇಟ್ಟು ಬಂದಿರಬೇಕು ಎಂದುಕೊಂಡೆ.

ಅವಳ ಕೈಯಲ್ಲಿದ್ದದ್ದು ಒಂದು ಹಳೆಯ ಪುಸ್ತಕದ ಜೆರಾಕ್ಸ್. ನೂರೈವತ್ತು ವರ್ಷದ ಹತ್ತಿರವಾಯಿತಂತೆ, ನಮ್ಮ ಕರಾವಳಿಯ ಒಂದು ಮನೆಯಲ್ಲಿ ಹದಿನೇಳು ವರ್ಷದ ಹೆಂಗಸೊಬ್ಬಳು ದಿನಾ ಎರಡು ಮೂರು ಸಾಲು ಬರೆದಿಟ್ಟಿದ್ದಳು. ಅಣ್ಣ ಕದ್ದು ಅಕ್ಷರ ಕಲಿಸಿದ್ದನಂತೆ. ಆ ಹೆಂಗಸಿನ ದಿನಚರಿ, ಪೂಜೆ, ವ್ರತ, ಇದನ್ನೆಲ್ಲ ಇವಳು ಬರೆಯಬೇಕು. ಅವಳ ಮೇಡಂ ಕೊಟ್ಟ ಕೆಲಸ. ಆದರೆ ಅದರಲ್ಲಿರುವ ಅರ್ಧ ಮಾತು ಮೇಡಮ್ಮಿಗೂ ಗೊತ್ತಿರಲಿಲ್ಲ, ಇವಳಿಗೂ ಗೊತ್ತಿರಲಿಲ್ಲ.

ಆಮೇಲೆ ವಾರಕ್ಕೆ ಎರಡು ಮೂರು ದಿನ ಬರತೊಡಗಿದಳು. ನಾನು ಪಲ್ಯಕ್ಕೆ ಹೆಚ್ಚುತ್ತ ಕೂರುವುದು, ಅವಳು ಅಡಿಗೆಮನೆಯ ಹೊಸಿಲ ಹತ್ತಿರ, ಮುಂಬಾಗಿಲು ಕಾಣುವ ಹಾಗೆ ಕೂತು ಓದುವುದು.

"ಕೋಳಿ ಕೂಗುವ ಮೊದಲು ಸ್ನಾನ. ಒದ್ದೆ ಸೀರೆಯಲ್ಲೇ ತುಳಸಿಗೆ ನೀರು, ನೂರೆಂಟು ಸುತ್ತು. ಗಂಧ ತೇದೆ. ಹೂಬತ್ತಿ ಇನ್ನೂರು. ಗಂಡಸರ ಊಟ ಏಳುವಾಗ ಹೊತ್ತು ಇಳಿದಿತ್ತು. ಬೆಕ್ಕು ಮೊಸರಿಗೆ ಬಾಯಿ ಹಾಕಿತು. ಬೈಗಳು ನನಗೆ."

ನನಗೆ ಅದು ಕಥೆ ಅನ್ನಿಸಲಿಲ್ಲ. ನನ್ನ ಅಜ್ಜಿ ಹೀಗೇ ಇದ್ದಳು. ಬಾವಿಕಟ್ಟೆಯ ಚಳಿಯಲ್ಲಿ ಹಲ್ಲು ಕಡಿಯುತ್ತ, ಹಸಿ ಸೌದೆಯ ಹೊಗೆಗೆ ಕಣ್ಣು ಒರಸುತ್ತ. ಈಗಿನವರು ಅದನ್ನು ಭಕ್ತಿ ಎನ್ನುತ್ತಾರೆ. ಆಗ ಅದು ಕೆಲಸ. ದೇವರ ಕೆಲಸ, ಗಂಡಸರ ಕೆಲಸ, ದನದ ಕೆಲಸ. ನಡುವೆ ಎಲ್ಲೋ ದೇವರು ನೆನಪಿಗೆ ಬಂದರೆ ಬಂದ. ಅವಳಿಗೂ ಬಂದಿದ್ದ. ಒಂದು ಹಾಳೆಯಲ್ಲಿ ಒಂದೇ ಸಾಲು ಇತ್ತು. "ಕೃಷ್ಣಾ, ಗರ್ಭಗುಡಿಯಲ್ಲಿ ನಿನ್ನ ಬೆನ್ನ ಹಿಂದೆ ಒಬ್ಬಳು ಕೂರುವಷ್ಟು ಜಾಗ ಇದೆಯೇ?" ಅದನ್ನು ಓದಿ ಹುಡುಗಿ ಆ ಹಾಳೆಯ ಮೂಲೆ ಮಡಿಸಿಟ್ಟಳು.

ಆ ಹೆಂಗಸನ್ನು ಇವಳು "ಅವರು" ಎನ್ನುತ್ತಿದ್ದಳು, ಪಕ್ಕದ ಕೋಣೆಯಲ್ಲಿ ಇದ್ದಾಳೇನೋ ಎಂಬ ಹಾಗೆ. "ಅಜ್ಜಿ, ಅವರು ಮೂರು ದಿನದಿಂದ ಊಟ ಮಾಡಿಲ್ಲ" ಎಂದು ಒಂದು ದಿನ ಬಂದಳು.

"ಸತ್ತು ನೂರು ವರ್ಷ ಕಳೀತು, ಈಗ ಊಟದ ಚಿಂತೆ ನಿನಗೆ" ಎಂದೆ.

ಫೋನು ಅಂಗೈಯಲ್ಲೇ ಇರುತ್ತಿತ್ತು. ಮೊದಲ ರಿಂಗಿಗೇ ಎತ್ತುವಳು. "ಹಾಂ. ಎದುರುಮನೆ ಅಜ್ಜಿ ಹತ್ರ. ಹೂಂ. ಬೇರೆ ಯಾರೂ ಇಲ್ಲ. ಅಜ್ಜಿಗೆ ಕೊಡ್ಲಾ?" ಎಂದು ನನ್ನ ಕೈಗೆ ಕೊಡುತ್ತಿದ್ದಳು. ಅತ್ತ ಅವಳ ಗಂಡ, "ನಮಸ್ಕಾರ ಅಜ್ಜಿ, ನಮ್ಮವಳು ನಿಮಗೆ ತೊಂದರೆ ಕೊಡ್ತಾ ಇಲ್ಲ ತಾನೆ?" ಎನ್ನುತ್ತಿದ್ದ. ಎಷ್ಟು ಮರ್ಯಾದೆಯ ಹುಡುಗ ಎಂದು ನಾನು ಸೊಸೆಗೆ ಹೇಳಿದ್ದೂ ಉಂಟು. ಲಿಫ್ಟ್ ಕೆಟ್ಟ ದಿನ ನಮ್ಮ ನೀರಿನ ಕ್ಯಾನು ಹೊತ್ತು ತಂದವನು ಅವನೇ. ಕಂಡಾಗಲೆಲ್ಲ ಕಾಲಿಗೆ ಬಗ್ಗುತ್ತಿದ್ದ. ನನ್ನ ಮಗ ಹಬ್ಬದ ದಿನವೂ ಅಷ್ಟು ಬಗ್ಗಿದವನಲ್ಲ. ದೊಡ್ಡ ಕಂಪನಿಯ ಕೆಲಸ. ತಾಯಿ ಮೈಸೂರಿನಲ್ಲಿ ಒಬ್ಬರೇ, ನಲವತ್ತು ವರ್ಷದಿಂದ ಚಾತುರ್ಮಾಸ್ಯ ಬಿಡದ ಬಹಳ ಮಡಿಯವರು. ತಾಯಿಯ ಮಾತು, ಶಾಸ್ತ್ರ, ಇವೆರಡಕ್ಕೆ ಅವನು ಹೆದರುತ್ತಿದ್ದ. ಬೆಕ್ಕು ಅಡ್ಡ ಬಂದರೆ ಕಾರು ನಿಲ್ಲಿಸಿ ಹತ್ತು ನಿಮಿಷ ಕೂರುವವನು.

ಆಷಾಢ ಹತ್ತಿರ ಬಂದಾಗ ಅವಳು ಒಂದು ಮಾತಿನ ಅರ್ಥ ಕೇಳಿದಳು: ಧಾರಣೆ ಪಾರಣೆ. ಹೇಳಿದೆ. ಒಂದು ದಿನ ಪೂರ್ತಿ ಉಪವಾಸ, ಅದು ಧಾರಣೆ. ಮರುದಿನ ಒಂದೇ ಹೊತ್ತು ಊಟ, ಅದು ಪಾರಣೆ. ಹೀಗೆ ಚಾತುರ್ಮಾಸ್ಯದ ನಾಲ್ಕು ತಿಂಗಳು, ಕಾರ್ತಿಕದ ತುಳಸಿಪೂಜೆಯ ತನಕ. ವ್ರತ ಹಿಡಿದವಳು ನೆಲದ ಮೇಲೆ, ಬೇರೆ ಮಲಗಬೇಕು.

"ಮಡಿ ಎಷ್ಟು ಹೊತ್ತು ಇರುತ್ತೆ ಅಜ್ಜಿ?"

"ಸ್ನಾನ ಮಾಡಿ ಮಡಿ ಉಟ್ಟ ಮೇಲೆ ಊಟವಾಗುವ ತನಕ. ಉಂಡರೆ ಮಡಿ ಹೋಯಿತು."

"ಊಟಾನೇ ಮಾಡದಿದ್ರೆ?"

"ಮಾಡದಿದ್ದರೆ ದಿನವಿಡೀ ಮಡಿ."

"ಆವಾಗ ಯಾರೂ ಮುಟ್ಟೋ ಹಾಗಿಲ್ವಾ? ಗಂಡ ಕೂಡ?"

"ಗಂಡ ಎಂತದು, ಗಂಡನ ಅಪ್ಪ ಬಂದರೂ ಮುಟ್ಟುವ ಹಾಗಿಲ್ಲ" ಎಂದು ನಾನು ದೊಡ್ಡದಾಗಿ ನಕ್ಕೆ. ಅವಳು ನಗಲಿಲ್ಲ. ಬರೆದುಕೊಂಡಳು.

ಎರಡು ದಿನ ಬಿಟ್ಟು ಬಂದು, ತಾನೂ ಈ ವ್ರತ ಹಿಡಿಯಬೇಕು, ಕಲಿಸಿಕೊಡಿ ಎಂದಳು. ಇಷ್ಟು ಓದಿದವಳಿಗೆ ಇಷ್ಟು ಒಳ್ಳೆಯ ಬುದ್ಧಿ ಬಂತಲ್ಲ ಎಂದು ನನಗೆ ಹೆಮ್ಮೆ. ಬಾಲ್ಕನಿಯಲ್ಲಿ ಎತ್ತರಕ್ಕೆ ಹಗ್ಗ ಕಟ್ಟಿಸಿದೆ. ಕೋಲಿನಿಂದ ಸೀರೆ ಎತ್ತಿ ಹಾಕುವುದನ್ನು ತೋರಿಸಿದೆ. ಎಡಗೈ ಅವಳಿಗೆ ಭುಜದಿಂದ ಮೇಲೆ ಏಳುತ್ತಿರಲಿಲ್ಲ. ಮುಂಗೈ ಹತ್ತಿರ ಎಲುಬು ಸೊಟ್ಟಗೆ ಕೂಡಿತ್ತು.

"ಏನಾಗಿತ್ತು?"

"ಬಾತ್‌ರೂಮಲ್ಲಿ ಜಾರಿದೆ."

"ನೋಡಿಕೊಂಡು ನಡೆಯಬಾರದಾ?" ಎಂದು ಬೈದೆ. ಈಗ ಆ ಬೈಗಳು ನೆನಪಾದರೆ ಯಾರಾದರೂ ನನಗೆ ಎರಡು ಬಿಡಲಿ ಅನ್ನಿಸುತ್ತದೆ.

ರಂಗೋಲಿ ಅವಳಿಗೆ ಕೊನೆಯ ತನಕ ಬರಲಿಲ್ಲ. ನಾಲ್ಕು ಎಳೆಯ ಪದ್ಮ ಬಿಡಿಸಲು ಹೇಳಿದರೆ ಏಡಿ ಬಿಡಿಸಿದಂತೆ ಕಾಣುತ್ತಿತ್ತು. ಅವಳೇ ನೋಡಿ, "ಅಜ್ಜಿ, ಲಕ್ಷ್ಮಿ ಹೆದರಿ ವಾಪಸ್ ಹೋಗ್ತಾಳೆ" ಎನ್ನುತ್ತಿದ್ದಳು. ಹಲಸಿನ ಹಪ್ಪಳ ಕೊಟ್ಟರೆ ಚೂರು ಚೂರು ಮುರಿದು ತಿನ್ನುವಳು, ಸದ್ದಾಗದ ಹಾಗೆ. ಹಪ್ಪಳವನ್ನು ಸದ್ದಿಲ್ಲದೆ ತಿನ್ನುವವರನ್ನು ನಾನು ಬೇರೆ ಕಂಡಿಲ್ಲ. ನನ್ನ ಹಿಂದಿ ಕೇಳಿ ನಗುವುದು ಅವಳಿಗೆ ಬಹಳ ಇಷ್ಟ. ತರಕಾರಿ ಭಯ್ಯಾನ ಹತ್ತಿರ ನಾನು ಜಗಳವಾಡುವುದನ್ನು ಕೇಳಲೆಂದೇ ನನ್ನ ಜೊತೆ ಕೆಳಗೆ ಬರುತ್ತಿದ್ದಳು. ಹತ್ತು ನಿಮಿಷ ಹೆಚ್ಚಾದರೆ ಮುಖ ಸಣ್ಣದಾಗುತ್ತಿತ್ತು.

ಆಷಾಢ ಏಕಾದಶಿಯಿಂದ ವ್ರತ ಶುರುವಾಯಿತು. ಒದ್ದೆ ಸೀರೆ ಉಟ್ಟು ಬಾಲ್ಕನಿಯ ತುಳಸಿಗೆ ಸುತ್ತು ಹಾಕುವ ಹುಡುಗಿಯನ್ನು ಎದುರು ಟವರಿನವರು ಫೋಟೋ ತೆಗೆದರು. ಕೆಳಗಿನ ಗುಡಿಯ ಹೆಂಗಸರು ಬಂದು ಕಾಲಿಗೆ ಬಿದ್ದರು. ಗಂಡ ಎಲ್ಲರ ಮುಂದೆ, "ನಮ್ಮಮ್ಮನ ಹಾಗೇ ಆಗ್ತಾ ಇದ್ದಾಳೆ" ಎಂದು ಹೇಳಿಕೊಂಡು ತಿರುಗಿದ. ಯೂನಿವರ್ಸಿಟಿಗೆ ಹೋಗುವುದನ್ನು ಬೇಸಗೆಯಲ್ಲೇ ನಿಲ್ಲಿಸಿದ್ದ, ಮನೆಯಲ್ಲೇ ಕೂತು ಬರಿ ಎಂದು. ಈಗ ಕೇಳಿದರೆ ವ್ರತ ಎನ್ನುತ್ತಿದ್ದ.

ಅವಳು ಇಳಿದುಹೋಗುತ್ತಿದ್ದಳು. ಗಲ್ಲದ ಎಲುಬು ಎದ್ದಿತು, ಬಳೆ ಮೊಣಕೈ ತನಕ ಜಾರಿತು. ವ್ರತದಲ್ಲಿ ಇದೆಲ್ಲ ಇದ್ದದ್ದೇ ಎಂದುಕೊಂಡೆ. ಆದರೆ ನನ್ನ ಕಣ್ಣಿಗೆ ಒಂದು ವಿಷಯ ಚುಚ್ಚಿತು. ಧಾರಣೆ ಪಾರಣೆ ಎಂದರೆ ಒಂದು ದಿನ ಬಿಟ್ಟು ಒಂದು ದಿನ. ಇವಳು ಶನಿವಾರವೂ ಉಣ್ಣುತ್ತಿರಲಿಲ್ಲ, ಭಾನುವಾರವೂ ಉಣ್ಣುತ್ತಿರಲಿಲ್ಲ. ದಸರೆ ರಜೆಯ ನಾಲ್ಕು ದಿನವೂ ಇಲ್ಲ.

"ಇದು ಯಾವ ಪಂಚಾಂಗ ಮಾರಾಯ್ತಿ? ಶನಿವಾರ ಭಾನುವಾರ ನೋಡಿ ಉಪವಾಸ ಮಾಡುವುದು?"

"ಎಣಿಕೆ ತಪ್ಪಿತು ಅಜ್ಜಿ."

ಪ್ರತಿ ವಾರ ಎಣಿಕೆ ತಪ್ಪುತ್ತದೆಯೇ?

ಆಮೇಲೆ ಒಂದು ಸಂಜೆ ಲಿಫ್ಟಿನಲ್ಲಿ ಗಂಡ ಹೆಂಡತಿ ಇಬ್ಬರ ಜೊತೆ ನಾನೂ ಇದ್ದೆ. ಅವಳು ಏನೋ ತಪ್ಪು ಗುಂಡಿ ಒತ್ತಿದಳು, ಲಿಫ್ಟು ಮೂರನೇ ಮಹಡಿಯಲ್ಲಿ ನಿಂತಿತು. ಅಷ್ಟೇ. ಅವನು ನಗುತ್ತಲೇ ಇದ್ದ. ನಗುತ್ತಲೇ ಅವನ ಕೈ ಅವಳ ಕತ್ತಿನ ಹಿಂಬದಿಗೆ ಹೋಯಿತು. ಅವಳು ಗೋಡೆಗೆ ಒತ್ತಿಕೊಂಡು, "ಮಡಿ" ಎಂದಳು.

ಕೈ ಗಾಳಿಯಲ್ಲೇ ನಿಂತಿತು. ಬೆರಳು ಮಡಿಚಿಕೊಂಡವು. ಅವನು ಕೈಯನ್ನು ಪ್ಯಾಂಟಿನ ಜೇಬಿಗೆ ಹಾಕಿ, "ಅಚ್ಛಾ, ಅಚ್ಛಾ. ತುಳಸಿಪೂಜೆಗೆ ಮುಗಿಯುತ್ತಲ್ಲ ಅಜ್ಜಿ ಈ ವ್ರತ? ನಾನೂ ದಿನ ಎಣಿಸ್ತಾ ಇದ್ದೀನಿ" ಎಂದು ನನ್ನನ್ನು ನೋಡಿ ನಕ್ಕ.

ಎಪ್ಪತ್ತಾರು ವರ್ಷದಲ್ಲಿ ಬೇಕಾದಷ್ಟು ಗಂಡಸರನ್ನು ನೋಡಿದ್ದೇನೆ. ಕೂಗುವವನಿಗೆ, ಕುಡಿದು ಬಂದವನಿಗೆ ನಾನು ಹೆದರುವವಳಲ್ಲ. ದಿನ ಎಣಿಸುವ ಇವನಿಗೆ ಹೆದರಿದೆ.

ಮನೆಗೆ ಬಂದು ಸೊಸೆಗೆ ಹೇಳಿದೆ. ಅವಳು ಲ್ಯಾಪ್‌ಟಾಪಿನಿಂದ ತಲೆ ಎತ್ತದೆ, "ಅತ್ತೆ, ಛೋಡಿಯೇ ನಾ. ಗಂಡ ಹೆಂಡತಿ ವಿಷಯ. ನಾಳೆ ಅವರು ಒಂದಾಗ್ತಾರೆ, ನಾವು ಕೆಟ್ಟವರಾಗ್ತೀವಿ" ಎಂದಳು. ನಾನೂ ಸುಮ್ಮನಾದೆ. ನಾನೇನು ಧೈರ್ಯದವಳಲ್ಲ.

ದೀಪಾವಳಿ ಕಳೆದ ಮೇಲೆ ದೆಹಲಿಯ ಹೊಗೆ ಕವಿಯಿತು. ಹನ್ನೊಂದನೇ ಮಹಡಿಯಿಂದ ಎದುರು ಟವರು ಕಾಣುವುದಿಲ್ಲ, ಗಂಟಲಿಗೆ ಹೊಗೆಸೊಪ್ಪು ತುರುಕಿದಂತೆ. ಆಫೀಸುಗಳವರು ಮನೆಯಿಂದಲೇ ಕೆಲಸ ಮಾಡಿ ಎಂದರು. ಎಲ್ಲರಿಗೂ ಅದು ಖುಷಿ. ಎದುರು ಮನೆಯ ಗಂಡನೂ ಮನೆಯಲ್ಲೇ ಕೂತ, ಬೆಳಿಗ್ಗೆಯಿಂದ ರಾತ್ರಿ ತನಕ.

ಒಂದು, ಎರಡು, ಮೂರು ದಿನ. ಅವಳು ಬರಲಿಲ್ಲ. ನಾಲ್ಕನೇ ದಿನ ಮಧ್ಯಾಹ್ನ ಬಾಗಿಲಿಗೆ ಎರಡು ತಟ್ಟು. ತೆಗೆದರೆ ಬರಿಗಾಲಿನಲ್ಲಿ ನಿಂತಿದ್ದಾಳೆ. ಗೋಡೆ ಹಿಡಿದುಕೊಂಡಿದ್ದಳು.

"ಅವರು ಪಾರ್ಸೆಲ್ ತರೋಕೆ ಗೇಟಿಗೆ ಹೋದರು. ಅನ್ನ ಇದೆಯಾ ಅಜ್ಜಿ?"

ಮೊಸರನ್ನ ಕಲಸಿ ಕೊಟ್ಟೆ. ಅಡಿಗೆಮನೆಯ ಬಾಗಿಲ ಸಂದಿಯಲ್ಲಿ ನಿಂತೇ ತಿಂದಳು. ಅಗಿಯಲಿಲ್ಲ, ನುಂಗಿದಳು. ಕಿವಿ ಮಾತ್ರ ಹೊರಗಿತ್ತು. ಐದಾರು ತುತ್ತಿಗೆ ಬಟ್ಟಲು ಕೆಳಗಿಟ್ಟು, ಬಾತ್‌ರೂಮಿಗೆ ಓಡಿ, ಉಟ್ಟ ಸೀರೆಯ ಮೇಲೆಯೇ ಎರಡು ಬಕೆಟ್ ತಣ್ಣೀರು ಸುರಿದುಕೊಂಡು ಬಂದಳು. ಉಂಡರೆ ಮಡಿ ಹೋಗುತ್ತದೆ ಎಂದು ಹೇಳಿಕೊಟ್ಟವಳು ನಾನಲ್ಲವೇ? ನೀರು ಸೋರುತ್ತ ನನ್ನ ಮುಂದೆ ನಿಂತಳು.

ಆಗ ನನ್ನ ದಪ್ಪ ತಲೆಗೆ ಹೊಳೆಯಿತು. ಮಡಿಯಲ್ಲಿರುವವಳನ್ನು ಮುಟ್ಟುವ ಹಾಗಿಲ್ಲ ಎಂದರೆ ಹೊಡೆಯುವ ಹಾಗೂ ಇಲ್ಲ. ಅವನು ಆಫೀಸಿನಲ್ಲಿದ್ದ ದಿನ ಮಧ್ಯಾಹ್ನ ಉಂಡು, ಅವನು ಬರುವುದರೊಳಗೆ ಮತ್ತೆ ಸ್ನಾನ. ಅವನು ಮನೆಯಲ್ಲಿದ್ದ ದಿನ ಊಟವೇ ಇಲ್ಲ.

"ಆ ಪುಸ್ತಕದ ಹೆಂಗಸೂ ಹೀಗೇ ಮಾಡಿದ್ದಳಾ?" ಎಂದೆ.

"ಹೂಂ. ಯಜಮಾನರು ಘಟ್ಟ ಇಳಿದು ಬಂದರು, ಧಾರಣೆ. ಯಜಮಾನರು ಘಟ್ಟ ಹತ್ತಿದರು, ಪಾರಣೆ. ಎಲ್ಲ ಕಡೆ ಹಾಗೇ ಇದೆ ಅಜ್ಜಿ."

"ನಿನಗೆ ಯಾವಾಗ ಗೊತ್ತಾಯಿತು?"

"ನಿಮ್ಮ ಮನೆಗೆ ಬರೋ ಮುಂಚೆನೇ. ಅರ್ಥ ಕೇಳೋಕೆ ಬಂದವಳಲ್ಲ ನಾನು. ಹೇಗೆ ಮಾಡೋದು ಅಂತ ಕಲಿಯೋಕೆ ಬಂದೆ."

"ಕೊನೆಗೆ ಅವಳಿಗೆ ಏನಾಯಿತು?"

"ತುಳಸಿಪೂಜೆ ಹಿಂದಿನ ದಿನ 'ನಾಳೆ ಪಾರಣೆ' ಅಂತ ಬರೆದಿದ್ದಾರೆ. ಆಮೇಲೆ ಹಾಳೆ ಖಾಲಿ. ಹನ್ನೆರಡು ಹಾಳೆ, ಎಲ್ಲ ಖಾಲಿ."

ಕಾರಿಡಾರಿನಲ್ಲಿ ಲಿಫ್ಟು ಟಿಣ್ ಎಂದಿತು. ಅವಳು ಬಾಗಿಲ ಹಿಂದಕ್ಕೆ ಸರಿದಳು. ಬೇರೆ ಯಾರೋ.

ಯಾಕೆ ಓಡಿಹೋಗಲಿಲ್ಲ ಎಂದು ನೀವು ಕೇಳುತ್ತೀರಿ. ನಾನೂ ಕೇಳಿದೆ. ತಂದೆ ತಾಯಿ ಇಲ್ಲ, ಹುಬ್ಬಳ್ಳಿಯಲ್ಲಿ ಅಕ್ಕ ಒಬ್ಬಳು. ಮದುವೆಯಾದ ಮೇಲೆ ಒಂದು ಸಲವೂ ಕಳಿಸಿರಲಿಲ್ಲ. "ಹೇಳದೆ ಹೋದರೆ ಅದೇ ದಿನ ಹಿಂದೆ ಬರ್ತಾರೆ. ಅಕ್ಕನ ಮನೇಲಿ ಚಿಕ್ಕ ಮಕ್ಕಳಿವೆ. ವಕೀಲರನ್ನ ನೋಡೋದಕ್ಕೆ, ಕಂಪ್ಲೇಂಟ್ ಬರೆಯೋದಕ್ಕೆ ಎರಡು ವಾರನಾದ್ರೂ ಬೇಕು ನನಗೆ. ಅವರು ತಾವಾಗೇ ಕಳಿಸಿದರೆ ಮಾತ್ರ ಸಿಗುತ್ತೆ" ಎಂದಳು. ಆ ದಿನ ಅಷ್ಟಮಿ. ದ್ವಾದಶಿಗೆ ತುಳಸಿಪೂಜೆ. ಉಳಿದದ್ದು ನಾಲ್ಕು ದಿನ.

ದಶಮಿಯ ಬೆಳಿಗ್ಗೆ ಅವನೇ ನಮ್ಮ ಬಾಗಿಲಿಗೆ ಬಂದ. ಕಾಲಿಗೆ ಬಗ್ಗಿದ. ಅವಳು ಎದುರು ಬಾಗಿಲಿನ ಚೌಕಟ್ಟು ಹಿಡಿದು ನಿಂತಿದ್ದಳು.

"ಅಜ್ಜಿ, ದ್ವಾದಶಿ ದಿನ ಪಾರಣೆ ಎಷ್ಟು ಹೊತ್ತಿಗೆ? ನಾನೇ ಕೈಯಾರೆ ಬಡಿಸಬೇಕು ಅಂತಿದ್ದೀನಿ. ಹೊಟ್ಟೆ ತುಂಬ ಉಣ್ಣಲಿ. ಆಮೇಲೆ ನಮ್ಮಿಬ್ಬರದು ಮಾತು ಬಹಳ ಬಾಕಿ ಇದೆ."

ಎರಡು ದಿನದಿಂದ ಯೋಚಿಸಿದ್ದೆಲ್ಲ ಮರೆತು ಹೋಯಿತು. ಬಾಯಿಗೆ ಬಂದದ್ದನ್ನು ಹೇಳಿದೆ.

"ಪಾರಣೆ ಇಲ್ಲಿ ಆಗುವ ಹಾಗಿಲ್ಲಪ್ಪ. ಮೊದಲನೇ ವರ್ಷದ ಧಾರಣೆ ಪಾರಣೆ ತವರಿನ ಅನ್ನದಿಂದಲೇ ಮುಗಿಯಬೇಕು. ಗಂಡನ ಮನೆಯ ಅನ್ನ ಬಿದ್ದರೆ ಗಂಡನ ಆಯುಷ್ಯಕ್ಕೆ..." ಅಲ್ಲಿಗೆ ನಿಲ್ಲಿಸಿದೆ.

ಅವನ ಮುಖ ಸ್ವಲ್ಪ ಕೆಟ್ಟಿತು. "ಅಪ್ಪ ಅಮ್ಮ ಇಲ್ಲದವಳಿಗೆ ಎಲ್ಲಿ ತವರು?"

"ಒಡಹುಟ್ಟಿದವಳ ಒಲೆಯೂ ತವರೇ."

"ಹಾಗಾದ್ರೆ ನಾನೂ ಹೋಗ್ತೀನಿ."

"ಗಂಡ ಎದುರಿಗೆ ಇರಬಾರದು."

"ಇಂಥದ್ದು ನಾನು ಕೇಳೇ ಇಲ್ಲ."

"ನೀನು ವ್ರತ ಹಿಡಿದ ಹೆಂಗಸಾ ಕೇಳಲಿಕ್ಕೆ?"

ಅವನು ನನ್ನನ್ನೇ ನೋಡಿದ. ಆಮೇಲೆ ಜೇಬಿನಿಂದ ಫೋನು ತೆಗೆದ. "ಅಮ್ಮನಿಗೆ ಗೊತ್ತಿರುತ್ತೆ. ಅವರಿಗೆ ಗೊತ್ತಿಲ್ಲದ ಶಾಸ್ತ್ರ ಇಲ್ಲ" ಎಂದು ಮೈಸೂರಿಗೆ ಹಚ್ಚಿ ಸ್ಪೀಕರ್ ಹಾಕಿದ.

ಮುಗಿಯಿತು ಎಂದುಕೊಂಡೆ. ಎದುರು ಬಾಗಿಲಿನಲ್ಲಿ ಅವಳ ಕಣ್ಣು ಮುಚ್ಚಿತ್ತು. ನಲವತ್ತು ವರ್ಷ ಚಾತುರ್ಮಾಸ್ಯ ಮಾಡಿದ ಹೆಂಗಸಿಗೆ ಇದು ಸುಳ್ಳು ಎಂದು ಗೊತ್ತಾಗಲು ಒಂದು ಗಳಿಗೆ ಬೇಡ. ಅವನು ಎಲ್ಲ ಹೇಳಿ, "ಇಂಥ ನೇಮ ಇದೆಯಾ ಅಮ್ಮ?" ಎಂದು ಕೇಳಿದ.

ಆ ಕಡೆ ನಲ್ಲಿಯ ನೀರಿನ ಸದ್ದು ನಿಂತಿತು. "ಯಾರು ಹೇಳಿದ್ದು?"

"ಎದುರುಮನೆ ಅಜ್ಜಿ. ಉಡುಪಿ ಕಡೆಯವರು."

"ನೀನು ಆಫೀಸಿಗೆ ಹೋಗ್ತಿಲ್ವಾ?"

"ವಾರ ಆಯ್ತಮ್ಮ. ಹೊಗೆ ಅಂತ ಮನೆಯಿಂದಲೇ."

"ದಿನವಿಡೀ ಮನೇಲೇ ಇದ್ದೀಯಾ?"

"ಹೌದಮ್ಮ."

"ಅವಳು ಊಟ ಮಾಡಿ ಎಷ್ಟು ದಿನ ಆಯ್ತು?"

"ವ್ರತ ಅಲ್ವಾ ಅಮ್ಮ. ನನಗೇನು ಗೊತ್ತು?"

ಲೈನು ಕಟ್ಟಾಯಿತೇನೋ ಎಂದು ಅವನು ಫೋನು ನೋಡಿದ. ಆಮೇಲೆ ಆ ದನಿ ಬಂತು, ಮೊದಲಿಗಿಂತ ಗಟ್ಟಿಯಾಗಿ.

"ಇದೆ. ಆ ನೇಮ ಇದೆ. ನಮ್ಮತ್ತೆ ಹೇಳ್ತಿದ್ದರು, ನಾನೇ ಮರೆತಿದ್ದೆ. ತವರಲ್ಲೇ ಪಾರಣೆ ಆಗಬೇಕು. ಕಾರ್ತಿಕ ಮುಗಿಯೋ ತನಕ ಅಲ್ಲೇ ಇರಬೇಕು. ಗಂಡ ಹಿಂದೆ ಹೋಗಕೂಡದು, ಕರೀಕೂಡದು. ನಾಳೆ ಬೆಳಿಗ್ಗೆನೇ ಕಳಿಸು. ತಪ್ಪಿಸಿದರೆ ನನ್ನ ಮೇಲಾಣೆ."

ಅಂಥ ನೇಮ ಯಾವ ಊರಿನಲ್ಲೂ ಇಲ್ಲ. ನಾನು ಅದನ್ನು ಹುಟ್ಟಿಸಿ ಹತ್ತು ನಿಮಿಷವಾಗಿತ್ತು. ಆ ಹೆಂಗಸು ಅದಕ್ಕೆ ಸತ್ತ ಅತ್ತೆಯನ್ನೂ ಸಾಕ್ಷಿಗೆ ಕರೆತಂದಳು. ಮಗ ಎಂಥವನು ಎಂದು ಅವಳಿಗೆ ಗೊತ್ತಿತ್ತು. ಗಂಡನನ್ನು ನೋಡಿ ಗೊತ್ತಾಗಿತ್ತೋ ಏನೋ, ನನಗೆ ತಿಳಿಯದು. ಅವಳ ನಲವತ್ತು ವರ್ಷದ ಮಡಿ ಯಾತಕ್ಕಾಗಿ ಎಂದು ನಾನು ಆಮೇಲೆ ಬಹಳ ಸಲ ಯೋಚಿಸಿದ್ದೇನೆ.

ಆ ಸಂಜೆ ನಡೆದದ್ದನ್ನೆಲ್ಲ ಸೊಸೆಗೆ ಹೇಳಿದೆ. ಈ ಸಲ ಲ್ಯಾಪ್‌ಟಾಪು ಮುಚ್ಚಿದಳು. "ಚಲೋ, ಏರ್‌ಪೋರ್ಟಿಗೆ ನಾನು ಬಿಡ್ತೀನಿ" ಎಂದಳು, ಅಷ್ಟೇ. ಏಕಾದಶಿಯ ಬೆಳಿಗ್ಗೆ ಹೊಗೆಗೆ ಹತ್ತು ಅಡಿ ಮುಂದಿನ ದಾರಿ ಕಾಣುತ್ತಿರಲಿಲ್ಲ. ಅವನು ಲಿಫ್ಟಿನ ತನಕ ಬಂದು ಚೀಲ ಇಟ್ಟುಕೊಟ್ಟ, ಮುಟ್ಟದೆ. ವಿಮಾನ ಮೂರು ಗಂಟೆ ತಡವಂತೆ. ಆ ಮೂರು ಗಂಟೆ ನಾನು ಬಾಗಿಲ ಕಣ್ಣಿನಲ್ಲಿ ಎದುರು ಬಾಗಿಲು ನೋಡುತ್ತ ನಿಂತೆ. ಅವನು ಮನಸ್ಸು ಬದಲಿಸಿ ಕಾರಿನ ಕೀಲಿ ತೆಗೆದುಕೊಂಡು ಹೊರಟರೆ? ಕಾಲು ಬಾತುಕೊಂಡಿತು. ಸಂಜೆ ಹುಬ್ಬಳ್ಳಿಯಿಂದ ಅಕ್ಕ ಸೊಸೆಯ ಫೋನಿಗೆ, ಬಂದು ಮುಟ್ಟಿದಳು ಎಂದು ಕಳಿಸಿದಳು.

ಕಾರ್ತಿಕ ಮುಗಿಯುವ ಹೊತ್ತಿಗೆ ವಕೀಲರ ನೋಟಿಸು ಬಂತು. ಆ ಕಾಗದ ಹಿಡಿದುಕೊಂಡು ಅವನು ನಮ್ಮ ಬಾಗಿಲಿಗೆ ಬಂದ. ಮಗ ಸೊಸೆ ಇಬ್ಬರೂ ಮನೆಯಲ್ಲಿರಲಿಲ್ಲ. ಈ ಸಲ ಕಾಲಿಗೆ ಬಗ್ಗಲಿಲ್ಲ. ನಗು ಮಾತ್ರ ಹಾಗೇ ಇತ್ತು.

"ಅಜ್ಜಿ, ಆ ನೇಮ ನಿಜವಾಗಿ ಇದೆಯಾ?"

ಬಾಗಿಲಿನ ಸರಪಳಿ ತೆಗೆದಿರಲಿಲ್ಲ ನಾನು. ಸರಪಳಿ ಎಷ್ಟು ತೆಳ್ಳಗಿದೆ ಎಂದು ಆಗಲೇ ನೋಡಿದ್ದು. "ನಿನ್ನ ತಾಯಿಯೇ ಹೇಳಿದರಲ್ಲಪ್ಪ. ಅವರನ್ನೇ ಕೇಳು."

"ಎಂಟು ದಿನದಿಂದ ಮಾಡ್ತಾ ಇದ್ದೀನಿ. ಅಮ್ಮ ಫೋನ್ ಎತ್ತುತ್ತಾ ಇಲ್ಲ. ಮೈಸೂರಿಗೇ ಹೋಗಿ ಕೇಳ್ತೀನಿ. ಆಮೇಲೆ ನಿಮ್ಮ ಹತ್ರ ಬರ್ತೀನಿ."

ಮಧ್ಯಾಹ್ನವೇ ಪೆಟ್ಟಿಗೆ ಎಳೆದುಕೊಂಡು ಹೊರಟ. ಸೊಸೆ ಮನೆಗೆ ಬಂದ ಕೂಡಲೇ ಅವಳಿಂದ ಹುಬ್ಬಳ್ಳಿಗೆ ಫೋನು ಮಾಡಿಸಿದೆ. ಮೈಸೂರಿನಲ್ಲಿ ತಾಯಿ ಒಂಟಿ ಮುದುಕಿ, ಇವನು ಹೋಗಿ ಏನು ಮಾಡುತ್ತಾನೋ, ಯಾರಾದರೂ ಅವರಿಗೆ ತಿಳಿಸಿ ಎಂದೆ.

"ಅತ್ತೆ ಮೈಸೂರಲ್ಲಿಲ್ಲ ಅಜ್ಜಿ" ಎಂದಳು ಅವಳು. ಎರಡು ವಾರದ ಮೇಲೆ ಅವಳ ದನಿ ಕೇಳಿದ್ದು ಆಗಲೇ. "ಇಲ್ಲೇ ಇದ್ದಾರೆ. ಮನೆಗೆ ಬೀಗ ಹಾಕಿ ಒಬ್ಬರೇ ಬಸ್ಸಲ್ಲಿ ಬಂದು ಎಂಟು ದಿನ ಆಯ್ತು."

ಮೈಸೂರಿನ ಬೀಗ ನೋಡಿ ಅವನು ಹುಬ್ಬಳ್ಳಿಗೆ ಬರದೆ ಇರುತ್ತಾನೆಯೇ? ಬಂದ. ಮೂರನೇ ದಿನ ಸಂಜೆ ಬಂದು ಬಾಗಿಲು ಬಡಿದನಂತೆ. ಮಕ್ಕಳು ಅಳತೊಡಗಿದವು. ಅಕ್ಕ ಪೊಲೀಸಿಗೆ ಫೋನು ಹಿಡಿದಳು. ಒಳಗಿನಿಂದ ಮಾತಾಡಿದ್ದು ತಾಯಿ. "ನಾನಿರೋ ತನಕ ಈ ಹೊಸಿಲು ದಾಟಬೇಡ. ನಿಮ್ಮಪ್ಪನಿಗೆ ನಾನು ಇದನ್ನ ಹೇಳಲಿಲ್ಲ, ನಿನಗೆ ಹೇಳ್ತಿದ್ದೀನಿ." ಅವನು ಬಹಳ ಹೊತ್ತು ಮೆಟ್ಟಿಲ ಮೇಲೆ ಕೂತಿದ್ದು, ಪೊಲೀಸರು ಬರುವ ಮೊದಲು ಎದ್ದು ಹೋದನಂತೆ. ಎಲ್ಲಿಗೆ ಎಂದು ಗೊತ್ತಿಲ್ಲ. ಎದುರು ಫ್ಲಾಟಿಗೆ ಅವನು ತಿರುಗಿ ಬಂದಿಲ್ಲ. ಲಿಫ್ಟು ಟಿಣ್ ಎಂದಾಗ ನಾನು ಈಗಲೂ ಹೋಗಿ ಬಾಗಿಲ ಕಣ್ಣಿನಲ್ಲಿ ನೋಡುತ್ತೇನೆ.

ಮೊನ್ನೆ ಅವಳು ಫೋನು ಮಾಡಿದ್ದಳು. ಕೇಸು ನಡೆಯುತ್ತಿದೆಯಂತೆ. ನಿನ್ನ ಅತ್ತೆ ಹೇಗಿದ್ದಾರೆ ಎಂದು ಕೇಳಿದೆ.

"ಬಾಗಿಲ ಹತ್ತಿರ ಮಣೆ ಹಾಕಿಕೊಂಡು ಕೂತಿದ್ದಾರೆ ಅಜ್ಜಿ. ಮಗ ಬಂದು ಹೋದ ದಿನದಿಂದ ಎದ್ದಿಲ್ಲ. ಬತ್ತಿ ಹೊಸೆಯೋದೂ ಅಲ್ಲೇ, ಊಟಾನೂ ಅಲ್ಲೇ. ಒಳಗೆ ಬನ್ನಿ ಅತ್ತೆ ಅಂದ್ರೆ, ನೀನು ಹೋಗಿ ಮಲಕ್ಕೋ ಅಂತಾರೆ."